ಒರೆಸಿದರೂ ಹೋಗದ ಅಕ್ಷರ

ಸೂರತ್ತಿನಿಂದ ಮೂರನೆಯ ಸಲ ಫೋನ್ ಬಂದಾಗ ನಾನು ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. "ಮತ್ತೊಂದು ಕೆಂಪಾಯ್ತು, ಎಂಜಿನಿಯರ್ ಸಾಹೇಬ್" ಎಂದರು ಆ ಕಡೆಯವರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಅವರು ಹವಾಮಾನದ ಸುದ್ದಿ ಹೇಳುವಂತೆ ಹೇಳಿ, ನನ್ನ ಉತ್ತರಕ್ಕೆ ಕಾದರು. ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು.

ಅವರು ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನ ಮಾಲೀಕರು. ಅವರ ಮನೆಯಲ್ಲಿ ಮೊದಲಿನಿಂದ ಇದ್ದ ವಾಲ್ವ್ ಆಂಪ್ಲಿಫೈಯರ್ ಒಂದನ್ನು ದುರಸ್ತಿಗೆಂದು ಅಹಮದಾಬಾದಿನ ನನ್ನ ಮನೆಗೆ ಕಳಿಸಿದ್ದರು. ಟ್ರಾನ್ಸಿಸ್ಟರ್ ಬರುವ ಮುಂಚೆ ರೇಡಿಯೊಗಳಲ್ಲಿ ಹೊಳೆಯುತ್ತಿದ್ದವಲ್ಲ, ಅಂಥ ಗಾಜಿನ ವಾಲ್ವುಗಳ ಮೇಲೆ ನಡೆಯುವ ಯಂತ್ರ. ಸ್ಪೀಕರನ್ನು ನಡೆಸುವ ಕೆಲಸ ಅದರೊಳಗಿನ ನಾಲ್ಕು ವಾಲ್ವುಗಳದ್ದು. ಒಂದೊಂದೂ ಹೆಬ್ಬೆರಳಿಗಿಂತ ತುಸು ಉದ್ದ, ಅಡಿಯಲ್ಲಿ ಒಂಬತ್ತು ಸೂಜಿ ಕಾಲು. ಆ ನಾಲ್ಕೂ ಸವೆದುಹೋಗಿದ್ದವು. ನಾನು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದ ಮೇಲೆ ಇಂಥ ಯಂತ್ರಗಳ ದುರಸ್ತಿ ಹಿಡಿದಿದ್ದೇನೆ. ಸೋರುತ್ತಿದ್ದ ಕೆಪಾಸಿಟರುಗಳನ್ನು ಬದಲಿಸಿ, ಈಗಲೂ ತಯಾರಾಗುತ್ತಿರುವ ವಿದೇಶಿ ವಾಲ್ವುಗಳಲ್ಲಿ ಒಂದಕ್ಕೊಂದು ಹೊಂದುವ ಸೆಟ್ ತರಿಸಿ ಹಾಕಿದೆ. ನನ್ನ ಮೇಜಿನ ಮೇಲೆ ಅದು ಮೂರು ದಿನ ಒಂದೇ ಸಮ ನಡೆಯಿತು. ಸೂರತ್ತಿಗೆ ಹೋದ ವಾರದಲ್ಲೇ ಒಂದು ವಾಲ್ವಿನ ಒಳಗಿನ ಲೋಹದ ಪ್ಲೇಟು ಕೆಂಡದಂತೆ ಕೆಂಪಾಗಿ ಸತ್ತಿತು. ಬದಲಿ ಕಳಿಸಿದೆ. ಅದೂ ಹೋಯಿತು. ಈಗ ಮೂರನೆಯದು.

ಮರುದಿನ ಬೆಳಗಿನ ರೈಲು ಹಿಡಿದು ಸೂರತ್ತಿಗೆ ಹೋದೆ. ದಾರಿಯುದ್ದಕ್ಕೂ ಸರ್ಕ್ಯೂಟನ್ನು ಮನಸ್ಸಿನಲ್ಲೇ ಬಿಚ್ಚಿ ಕಟ್ಟಿದೆ. ಅವರ ಮನೆಯಲ್ಲಿ ಮೊದಲು ನೋಡಿದ್ದು ಗೋಡೆಯ ಪ್ಲಗ್ಗನ್ನು. ಮೀಟರು ಇನ್ನೂರ ನಲವತ್ತೆಂಟು ವೋಲ್ಟ್ ತೋರಿಸಿತು. ನನಗೆ ನನ್ನ ಮೇಲೇ ಸಿಟ್ಟು ಬಂತು. ನನ್ನ ಮೇಜಿಗೆ ಸ್ಟೆಬಿಲೈಜರ್ ಇದೆ. ಅದು ಸದಾ ಇನ್ನೂರ ಇಪ್ಪತ್ತಕ್ಕೇ ನಿಂತಿರುತ್ತದೆ, ಆ ಹಳೆಯ ಯಂತ್ರದ ಟ್ರಾನ್ಸ್‌ಫಾರ್ಮರಿನ ತಂತಿಯೂ ಇನ್ನೂರ ಇಪ್ಪತ್ತು ವೋಲ್ಟಿನ ತುದಿಗೇ ಜೋಡಣೆಯಾಗಿತ್ತು. ಯಂತ್ರ ಕಳಿಸುವ ಮುಂಚೆ 'ನಿಮ್ಮ ಮನೆಯಲ್ಲಿ ವೋಲ್ಟೇಜ್ ಎಷ್ಟು ಬರುತ್ತದೆ' ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಇವರು ಹೊಸ ಅಪಾರ್ಟ್‌ಮೆಂಟಿಗೆ ಬಂದಿದ್ದರು. ವಿದ್ಯುತ್ ಕಂಪನಿಯ ಟ್ರಾನ್ಸ್‌ಫಾರ್ಮರ್ ಅವರ ಗೇಟಿನ ಪಕ್ಕದಲ್ಲೇ ಇದ್ದುದರಿಂದ ವೋಲ್ಟೇಜ್ ಸ್ವಲ್ಪವೂ ಇಳಿಯದೆ ಬರುತ್ತಿತ್ತು. ಆರು ಪಾಯಿಂಟ್ ಮೂರು ವೋಲ್ಟ್ ಇರಬೇಕಾದ, ವಾಲ್ವನ್ನು ಒಳಗಿಂದ ಕಾಯಿಸುವ ಹೀಟರಿನಲ್ಲಿ ಏಳು ಪಾಯಿಂಟ್ ಒಂದು ಇತ್ತು. ಪ್ಲೇಟಿನ ಮೇಲೆ ಮುನ್ನೂರ ಹತ್ತರ ಬದಲು ಮುನ್ನೂರೈವತ್ತು. ಹೊಸ ವಾಲ್ವುಗಳು ಇಷ್ಟು ದಿನ ತಡೆದದ್ದೇ ಹೆಚ್ಚು.

ಇದನ್ನು ಮಾಲೀಕರಿಗೆ ಹೇಳಿದೆ. ಒಳಗೆ ಇನ್ನೂರ ನಲವತ್ತರ ತುದಿಯೂ ಇದೆ, ತಂತಿಯನ್ನು ಅಲ್ಲಿಗೆ ಸರಿಸಿ ಹೊಸ ಸೆಟ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದೆ. ಅವರು ತಾಳ್ಮೆಯಿಂದ ಕೇಳಿದರು.

"ಹಳೆಯವು ಇದೇ ಯಂತ್ರದಲ್ಲಿ ಇಷ್ಟು ವರ್ಷ ನಡೆದವು. ಹೊಸದು ಒಂದು ತಿಂಗಳೂ ನಿಲ್ಲಲಿಲ್ಲ. ನೀವು ವೋಲ್ಟೇಜ್ ಅಂತೀರಿ, ನಾನು ಮಾಲು ಅಂತೀನಿ" ಎಂದರು.

"ಆಗ ನಿಮ್ಮ ಹಳೆಯ ಮನೆಗೆ ಇಷ್ಟು ವೋಲ್ಟೇಜ್ ಬರುತ್ತಿರಲಿಲ್ಲ, ಸೇಠ್‌ಜಿ."

"ಇರಬಹುದು. ಆದರೆ ನನಗೆ ಹೊಸದು ಬೇಡ. ದನಿಯೂ ಒಣಗಿದ ಹಾಗಿದೆ. ಹಳೇ ವಾಲ್ವೇ ಹುಡುಕಿ ತನ್ನಿ. ಆಗುತ್ತೋ ಇಲ್ಲವೋ ಹೇಳಿ."

ಅವರ ಕಿವಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಮೊದಲ ಸಲ ಭೇಟಿಯಾದಾಗಲೇ, ಬಲಗಡೆಯ ಸ್ಪೀಕರು ಎಡಗಡೆಯದಕ್ಕಿಂತ ಸ್ವಲ್ಪ ಸಣ್ಣಗೆ ಕೇಳುತ್ತದೆ ಎಂದಿದ್ದರು. ನಾನು ನಂಬಿರಲಿಲ್ಲ. ಅಳೆದು ನೋಡಿದರೆ ನಿಜವಾಗಿತ್ತು. ಅಂಥವರು 'ದನಿ ಒಣಗಿದೆ' ಎಂದರೆ ಏನೆಂದು ವಾದಿಸಲಿ? ಆಗಲಿ ಎಂದೆ. ಅಲ್ಲಿಂದ ನನ್ನ ನಿಜವಾದ ಗೋಳು ಶುರುವಾಯಿತು.

ಹಳೆಯ ವಾಲ್ವು ಎಂದರೆ ಬಂಗಾರವೆಂದು ನಂಬುವವರು ಬಹಳ ಜನ. ನಾನು ಆ ಪಂಥದವನಲ್ಲ. ಹಿಂದೆ ಮಾಡಿದವುಗಳಲ್ಲಿ ಕೆಲವು ನಿಜಕ್ಕೂ ಗಟ್ಟಿ, ಹೆಚ್ಚಿನ ವೋಲ್ಟೇಜನ್ನೂ ತಡೆದುಕೊಳ್ಳುತ್ತವೆ. ಆದರೆ ದಶಕಗಟ್ಟಲೆ ಡಬ್ಬಿಯಲ್ಲಿ ಕೂತದ್ದರ ಒಳಗೆ ಸೂಕ್ಷ್ಮವಾಗಿ ಗಾಳಿ ಸೇರಿರುತ್ತದೆ, ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ, ಬಳಸಿ ಬಿಸಾಕಿದ್ದನ್ನು ಹೊಸದೆಂದು ಮಾರುವವರೂ ಇದ್ದಾರೆ. ಎರಡು ವಾರ ಅಹಮದಾಬಾದಿನ ಗುಜರಿ ಬಜಾರಿನಲ್ಲೂ ಪರಿಚಯದವರಲ್ಲೂ ಹುಡುಕಿದೆ. ಸಿಕ್ಕ ಹನ್ನೊಂದರಲ್ಲಿ ಐದು ಸತ್ತಿದ್ದವು. ಇನ್ನು ಮೂರು, ಬೆರಳು ತಾಗಿಸಿದರೆ ಸಾಕು, ಗಂಟೆಯಂತೆ ಟಿಣ್ಣೆನ್ನುತ್ತಿದ್ದವು, ಆ ಸದ್ದು ಸ್ಪೀಕರಿನಲ್ಲಿ ಬರುತ್ತಿತ್ತು. ಉಳಿದ ಮೂರು ಒಂದಕ್ಕೊಂದು ಹೊಂದಲಿಲ್ಲ. ಪ್ರತಿ ಸಂಜೆ ಕೈಯೆಲ್ಲ ಧೂಳು ಮಾಡಿಕೊಂಡು ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆ.

ಕೊನೆಗೆ ವಡೋದರದಲ್ಲಿ ಹಳೇ ರೇಡಿಯೊ ಸಾಮಾನು ಮಾರುವ ಒಬ್ಬರ ಅಂಗಡಿಯ ಸುಳಿವು ಸಿಕ್ಕಿತು. ಅವರು ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ಮುಂದಿಟ್ಟರು. ಅದೇ ಊರಿನ ಮಕರಪುರದಲ್ಲಿ ಮುಚ್ಚಿದ ಕಾರ್ಖಾನೆಯೊಂದರ ಸ್ಟೋರಿನಿಂದ ಬಂದದ್ದು ಎಂದರು. ಆರು ವಾಲ್ವು. ಗಾಜಿನ ಮೇಲೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯ ಗುರುತು. ಒಂದು ಕಾಲಕ್ಕೆ ದೇಶದ ರೇಡಿಯೊಗಳಿಗೆಲ್ಲ ಬೇಕಾದ ವಾಲ್ವು ಅಲ್ಲಿ ತಯಾರಾಗುತ್ತಿತ್ತು. ಬಿಳಿ ಅಕ್ಷರಗಳು ನಿನ್ನೆ ಮುದ್ರಿಸಿದಂತೆ ಸ್ಪಷ್ಟವಾಗಿದ್ದವು. ಅದು ನನಗೆ ಸಂಶಯ ತರಿಸಬೇಕಿತ್ತು. ತಂದದ್ದು ಸಂತೋಷ. ಮನೆಗೆ ತಂದು ಪರೀಕ್ಷೆಯ ಪೆಟ್ಟಿಗೆಗೆ ಹಾಕಿದರೆ ಆರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಕರೆಂಟು ಎಳೆದವು. ಅದಕ್ಕೂ ಸಂತೋಷಪಟ್ಟೆ.

ಸೂರತ್ತಿಗೆ ಹೋಗಿ ನಾನು ಮಾಡಿದ ಕೆಲಸವನ್ನು ಸಂಸ್ಥೆಯಲ್ಲಿ ಯಾರಾದರೂ ಕಿರಿಯರು ಮಾಡಿದ್ದರೆ ಬೈದು ಹೊರಗೆ ಕಳಿಸುತ್ತಿದ್ದೆ. ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿದೆ. ತಂತಿಯನ್ನು ಇನ್ನೂರ ನಲವತ್ತರ ತುದಿಗೆ ಸರಿಸಿದೆ, ಅದರ ಜೊತೆಗೇ ನಾಲ್ಕು 'ಹಳೆಯ' ವಾಲ್ವುಗಳನ್ನೂ ಹಾಕಿದೆ. ಮೊದಲು ತಂತಿ ಸರಿಸಿ, ಹೊಸ ವಾಲ್ವಿನಲ್ಲೇ ಒಂದಿಷ್ಟು ದಿನ ಕೇಳಿಸಿ, ಆಮೇಲೆ ವಾಲ್ವು ಬದಲಿಸಬೇಕಿತ್ತು. ವಾಪಸು ರೈಲಿನ ಹೊತ್ತಾಗುತ್ತಿತ್ತು. ಮೂರು ಸಲ ಸೋತವನಿಗೆ ಹೇಗಾದರೂ ಗೆದ್ದರೆ ಸಾಕು ಅನಿಸಿಬಿಟ್ಟಿತ್ತು.

ಮಾಲೀಕರು ಒಂದು ಗ್ರಾಮಫೋನ್ ತಟ್ಟೆ ಪೂರ್ತಿ ಕೇಳಿದರು. ಆಮೇಲೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಕೇಳಿದಿರಾ? ಹಳೆಯದು ಹಳೆಯದೇ! ನಾನು ಹೇಳಿರಲಿಲ್ಲವೇ?"

ಮುಂದಿನ ತಿಂಗಳ ಕೊನೆಯ ಭಾನುವಾರ ಅಹಮದಾಬಾದ್, ವಡೋದರ, ಸೂರತ್ತಿನ ಸಂಗೀತದ ಹುಚ್ಚರೆಲ್ಲ ಅವರ ಮನೆಯಲ್ಲಿ ಸೇರುವವರಿದ್ದರು. ಆ ವಾಲ್ವುಗಳು ಎಲ್ಲಿಯವು, ಯಾಕೆ ಶ್ರೇಷ್ಠ ಎಂದು ನಾನೇ ನಾಲ್ಕು ಮಾತು ಹೇಳಬೇಕೆಂದರು. ಒಪ್ಪಿದೆ. ಅಲ್ಲಿ ಸೇರುವ ಪ್ರತಿಯೊಬ್ಬರ ಮನೆಯಲ್ಲೂ ದುರಸ್ತಿಗೆ ಕಾದಿರುವ ಯಂತ್ರವೊಂದು ಇರುತ್ತದೆಂದು ನನಗೆ ಗೊತ್ತಿತ್ತು.

ಉಳಿದ ಎರಡು ವಾಲ್ವುಗಳನ್ನು ಮನೆಗೆ ತಂದೆ. ನಮ್ಮ ವಸತಿ ಸೊಸೈಟಿಯಲ್ಲೇ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ತಾಯಿ ಇದ್ದಾರೆ. ಎಂಬತ್ತರ ಹತ್ತಿರದ ವಯಸ್ಸು, ಬೆಂಗಳೂರಿನವರು. ಮದುವೆಗೆ ಮುಂಚಿನಿಂದ ಹಿಡಿದು ನಿವೃತ್ತಿಯವರೆಗೆ ಅದೇ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ವಾಲ್ವು ತಯಾರಾಗುತ್ತಿದ್ದಷ್ಟು ವರ್ಷವೂ ಅದರೊಳಗಿನ ಕೂದಲೆಳೆಯಂಥ ತಂತಿಗಳನ್ನು ಚಿಮಟದಲ್ಲಿ ಹಿಡಿದು ಜೋಡಿಸುವ ಸಾಲಿನಲ್ಲಿ ಕೂತಿದ್ದವರು. ಅವರಿಗೆ ತೋರಿಸಿದರೆ ಖುಷಿಪಡುತ್ತಾರೆಂದು ಒಂದು ಬೆಳಿಗ್ಗೆ ಹೋದೆ.

"ಅಮ್ಮಾರ, ನಿಮ್ಮ ಕಾರ್ಖಾನಿ ಮಾಲು ತಂದೀನಿ ನೋಡ್ರಿ" ಎಂದು ಕೈಗೆ ಕೊಟ್ಟೆ.

ಅವರು ಕನ್ನಡಕ ಏರಿಸಿಕೊಂಡು, ವಾಲ್ವಿನ ಗಾಜು ಮುಟ್ಟದೆ ಕಾಲಿನ ಹತ್ತಿರ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದರು. ಮೆಲ್ಲಗೆ ಒಂದು ಸುತ್ತು ತಿರುಗಿಸಿದರು.

"ಎಲ್ಲಿ ಸಿಕ್ತಪ್ಪ ಇದು?"

"ವಡೋದರದಾಗ್ರಿ."

"ಇದು ನಮ್ಮದಲ್ಲ."

ನಾನು ನಕ್ಕೆ. "ಹೆಸರು ಬರದೈತಲ್ರಿ ಅಮ್ಮಾರ."

"ಹೆಸರು ಯಾರು ಬೇಕಾದ್ರೂ ಬರೀತಾರೆ. ಇಲ್ಲಿ ನೋಡು. ಪ್ಲೇಟಿನ ಅಂಚನ್ನ ಮಡಿಚಿ ಒತ್ತಿದಾರೆ. ನಾವು ವೆಲ್ಡ್ ಮಾಡ್ತಿದ್ವಿ, ಚುಕ್ಕಿ ಚುಕ್ಕಿ ಕಾಣ್ಬೇಕು. ತಲೆ ಮೇಲಿರೋ ಈ ಬಳೆ ಇದೆಯಲ್ಲ, ನಮ್ಮದು ಒಂದೇ ಕಾಲ ಮೇಲೆ ನಿಲ್ತಿತ್ತು. ಇದಕ್ಕೆ ಎರಡು ಕಾಲಿದೆ." ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಬಿಳಿ ಅಕ್ಷರದ ಮೇಲೆ ಗಟ್ಟಿಯಾಗಿ ಉಜ್ಜಿದರು. ಅಕ್ಷರ ಅಲ್ಲಾಡಲಿಲ್ಲ. "ನೋಡ್ದಾ? ನಮ್ಮದು ಬೆವರಿನ ಕೈ ತಾಕಿದ್ರೂ ಅಳಿಸಿ ಹೋಗೋದು. ಗಾಜು ಮುಟ್ಟಿದ್ರೆ ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈಯೋರು. ಇದು ಈಗಿನ ಮಾಲು, ಕಂದ. ಯಾರೋ ನಮ್ಮ ಹೆಸರು ಒತ್ತಿದಾರೆ."

ಮನೆಗೆ ಬಂದು, ಸುಟ್ಟುಹೋದ ಹೊಸ ವಾಲ್ವುಗಳಲ್ಲೊಂದನ್ನು ಇದರ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಮಡಿಕೆ, ಬಳೆ, ಎರಡು ಕಾಲು, ಎಲ್ಲ ಅದೇ. ನಾನು ಮೊದಲು ಹಾಕಿ ಸುಟ್ಟುಕೊಂಡದ್ದೂ, ಮಾಲೀಕರು ಕೈಹಿಡಿದು ಹೊಗಳಿದ್ದೂ ಒಂದೇ ಕಾರ್ಖಾನೆಯ ಒಂದೇ ವಾಲ್ವು. ಅದನ್ನು ಬದುಕಿಸಿದ್ದು ನಾನು ಸರಿಸಿದ ಒಂದು ತಂತಿ.

ವಡೋದರದ ಅಂಗಡಿಯವರಿಗೆ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. "ನನಗೆ ಕೊಟ್ಟವರು ಹಾಗೆಂದರು, ನಾನು ನಿಮಗೆ ಹಾಗೆಂದೆ. ನೀವು ಎಂಜಿನಿಯರ್, ನೋಡಿಯೇ ತಾನೇ ತಗೊಂಡಿದ್ದು? ಕೆಲಸ ಮಾಡ್ತಿದೆ ಅಲ್ವಾ ಭಾಯಿ?" ಎಂದರು. ಕೆಲಸ ಮಾಡುತ್ತಿತ್ತು. ಬೈಯಲು ಬಾಯಿ ತೆರೆದವನು ಫೋನ್ ಇಟ್ಟೆ.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಯಂತ್ರ ಚೆನ್ನಾಗಿದೆ, ಮಾಲೀಕರು ಸುಖವಾಗಿದ್ದಾರೆ, ನಾನೇಕೆ ಕೆಡಿಸಲಿ ಎಂದು ಒಂದು ದಿನ ಅನಿಸಿದರೆ, ಭಾನುವಾರದ ಸಭೆಯಲ್ಲಿ ಎದ್ದುನಿಂತು ಸುಳ್ಳು ಹೇಳುವ ನನ್ನ ಚಿತ್ರವೇ ಮರುದಿನ ಕಣ್ಣಮುಂದೆ ಬರುತ್ತಿತ್ತು. ಬೇರೆ ಯಾವ ರಿಪೇರಿಗೂ ಕೈ ಹೋಗಲಿಲ್ಲ. ಐದನೆಯ ದಿನ ಆ ಕಾರ್ಖಾನೆಯ ಅಮ್ಮನೇ ನನ್ನ ಬಾಗಿಲಿಗೆ ಬಂದರು.

"ಆ ವಾಲ್ವಿನವರಿಗೆ ಹೇಳಿದ್ಯಾ?"

"ಇನ್ನೂ ಇಲ್ರಿ."

"ಯಾಕೆ?"

"ಒಳಗ ಬರ್ರಿ" ಎಂದು ಕುರ್ಚಿ ಎಳೆದೆ. ಅಮ್ಮನ ಮಗಳು ಸೂರತ್ತಿನಾಚೆಯ ಹಜೀರಾದ ಕಂಪನಿ ಕಾಲೋನಿಯಲ್ಲಿದ್ದಳು. ಆ ವಾರ ಅಮ್ಮ ಅಲ್ಲಿಗೆ ಹೊರಟಿದ್ದರು. "ನನ್ನನ್ನ ಸೂರತ್ತಿನವರೆಗೆ ಕರ್ಕೊಂಡು ಹೋಗು. ದಾರೀಲಿ ಅವರ ಮನೆಗೆ ಹೋಗೋಣ. ನಾನೂ ನೋಡ್ತೀನಿ" ಎಂದರು. ಅವರ ಎದುರು ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಹೇಳಿಯೇಬಿಡುವುದೆಂದು ತೀರ್ಮಾನಿಸಿ ಮಾಲೀಕರಿಗೆ ಬರುವುದಾಗಿ ಫೋನ್ ಮಾಡಿದೆ.

ಮಾಲೀಕರು ಅಮ್ಮನನ್ನು ಬಹಳ ಗೌರವದಿಂದ ಕೂರಿಸಿದರು. ವಾಲ್ವ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಎಂದು ತಿಳಿದಾಗಲಂತೂ ಚಿಕ್ಕಮ್ಮನೆಂದೇ ಕರೆದು, "ಮಾಸಿ, ಭಾನುವಾರ ನೀವೂ ಬರಬೇಕು" ಎಂದರು. ಅಮ್ಮನಿಗೆ ಹಿಂದಿ ಅಷ್ಟಾಗಿ ಬಾರದು, ನಾನು ನಡುವೆ ಕೂತು ಎರಡೂ ಕಡೆ ಹೇಳುತ್ತಿದ್ದೆ. ಚಹಾ ಮುಗಿಯುವ ಮುಂಚೆಯೇ ವಿಷಯ ಹೇಳಿಬಿಟ್ಟೆ. ವಾಲ್ವು ಹಳೆಯವಲ್ಲ, ನಾನೇ ಮೋಸಹೋದೆ, ಸರಿಯಾದದ್ದು ವೋಲ್ಟೇಜು ಮಾತ್ರ ಎಂದೆ.

ಅವರ ಮುಖ ಬದಲಾಗಲಿಲ್ಲ. "ನಿಮಗೆ ಯಾರೋ ಹೇಳಿರಬೇಕು. ನನ್ನ ಕಿವಿ ಸುಳ್ಳು ಹೇಳಲ್ಲ. ಇವು ಹಳೆಯವೇ."

ಅಮ್ಮನಿಗೆ ತಿಳಿಸಿದೆ. "ನಮ್ಮದಾದ್ರೆ ಒರೆಸಿದ್ರೆ ಅಕ್ಷರ ಹೋಗತ್ತೆ. ಒರೆಸ್ಲಾ ಅಂತ ಕೇಳು" ಎಂದರು.

"ಒರೆಸಿ ಮಾಸಿ, ಒರೆಸಿ" ಎಂದು ಮಾಲೀಕರು ನಕ್ಕರು.

ಯಂತ್ರ ಆರಿಸಿ, ವಾಲ್ವು ತಣಿದ ಮೇಲೆ ನಾಲ್ಕನ್ನೂ ಕಿತ್ತು ಬಟ್ಟೆಯ ಮೇಲಿಟ್ಟೆ. ಅಮ್ಮ ಒದ್ದೆ ಬೆರಳಿನಿಂದ ಉಜ್ಜಿದರು. ಮಾಲೀಕರು ಬಗ್ಗಿ ನೋಡುತ್ತಿದ್ದರು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಕೊಟ್ಟೆ, ಅದಕ್ಕೂ ಹೋಗಲಿಲ್ಲ. ಮಾಲೀಕರ ನಗು ನಿಂತಿತ್ತು.

"ಅವರು ಏನು ಬೇಕಾದ್ರೂ ಕೇಳ್ಕೊಳ್ಲಿ. ದನಿ ಚೆನ್ನಾಗಿದ್ರೆ ಒಳ್ಳೇದೇ" ಎಂದರು ಅಮ್ಮ. "ಆದ್ರೆ ನಮ್ಮ ಹೆಸರು ಇದರ ಮೇಲೆ ಬೇಡ. ಆ ಸಾಲಿನಲ್ಲಿ ಕೂತು ನಾವು ಕಣ್ಣು ಕಳ್ಕೊಂಡಿದೀವಿ. ತೆಗೆದುಬಿಡ್ಲಾ ಅಂತ ಕೇಳು."

ಹೇಳಿದೆ. ಅವರು ಕೈಯಾಡಿಸಿ ಆಗಲಿ ಎಂದರು. ನನ್ನ ಚೀಲದಲ್ಲಿ ನುಣುಪಾದ ಉಪ್ಪುಕಾಗದವಿತ್ತು. ಅಮ್ಮ ಅದನ್ನು ಸಣ್ಣಗೆ ಹರಿದು, ಕಾಲಿನ ಹತ್ತಿರ ಹಿಡಿದು, ಅಕ್ಷರ ಇದ್ದಷ್ಟೇ ಜಾಗವನ್ನು ಉಜ್ಜಿ ತೆಗೆದರು. ಒಂದೊಂದಕ್ಕೂ ಐದು ನಿಮಿಷ. ಅಕ್ಷರದ ಜಾಗದಲ್ಲಿ ಮಂಜು ಹಿಡಿದಂಥ ಕಲೆ ಉಳಿಯಿತು.

"ನಿಜವಾದವು ಎಲ್ಲಾದರೂ ಸಿಗುತ್ತವೆಯೇ?" ಎಂದು ಮಾಲೀಕರು ಕೇಳಿದರು.

"ಸಿಕ್ಕಬಹುದು" ಎಂದರು ಅಮ್ಮ. "ಸಿಕ್ಕಿದ್ದೆಲ್ಲ ಚೆನ್ನಾಗೇ ಇರತ್ತೆ ಅಂತ ಏನಿಲ್ಲ. ನಾನೇ ಎಷ್ಟು ಕೆಡಿಸಿದೀನಿ. ಸಂಜೆ ಹೊತ್ತಿಗೆ ಬುಟ್ಟಿ ತುಂಬ ರಿಜೆಕ್ಟ್ ಇರೋದು. ಅದರಲ್ಲೂ ಕಣ್ತಪ್ಪಿಸಿ ಎಷ್ಟು ಹೊರಗೆ ಹೋಯ್ತೋ ಯಾರಿಗೆ ಗೊತ್ತು."

ಈ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಅವರಿಗೆ ರುಚಿಸಲಿಲ್ಲ.

ನಾಲ್ಕನ್ನೂ ಅವವುಗಳ ಜಾಗಕ್ಕೇ ಹಾಕಿ ಯಂತ್ರ ಹಚ್ಚಿದೆ. ಬಿಸಿಯಾಗುವವರೆಗೆ ಕಾದು, ಒಂದೊಂದರ ಕರೆಂಟನ್ನೂ ಅಳೆದು ಮಾಲೀಕರಿಗೇ ಮೀಟರು ತೋರಿಸಿದೆ. ಎಲ್ಲ ಮೊದಲಿದ್ದಷ್ಟೇ. ಅವರು ತಮ್ಮ ಮೆಚ್ಚಿನ ತಟ್ಟೆಯನ್ನೇ ಹಾಕಿದರು. ಸಾರಂಗಿ ಮೊದಲು ಬಂತು, ಹಿಂದೆಯೇ ಹಾಡುವ ಹೆಂಗಸಿನ ದನಿ.

ಅಮ್ಮ ಸೋಫಾದಲ್ಲಿ ಮುಂದಕ್ಕೆ ಸರಿದು ಕೂತರು. "ಇದರೊಳಗಿಂದ ಬರ್ತಿರೋದಾ ಇದು?" ಎಂದು ಪಿಸುಮಾತಿನಲ್ಲಿ ಕೇಳಿದರು.

"ಹೌದ್ರಿ."

"ನಾವು ಯಾವತ್ತೂ ಕೇಳೇ ಇಲ್ಲಪ್ಪ. ಟೆಸ್ಟಿಂಗ್‌ನಲ್ಲಿ ಮೀಟರ್ ಮುಳ್ಳು ಆಡೋದು ನೋಡ್ತಿದ್ವಿ ಅಷ್ಟೆ. ಮನೇಲಿದ್ದದ್ದು ಸಣ್ಣ ಟ್ರಾನ್ಸಿಸ್ಟರ್." ಹೀಗೆಂದು ಬಾಯಿಯ ಮೇಲೆ ಸೆರಗಿಟ್ಟುಕೊಂಡು ಕೇಳತೊಡಗಿದರು.

ಮಾಲೀಕರು ಕಣ್ಣು ಮುಚ್ಚಿದ್ದರು. ಹುಬ್ಬು ಗಂಟಿಕ್ಕಿತು. ಹಾಡು ಅರ್ಧಕ್ಕೆ ಬಂದಿರಲಿಲ್ಲ, ಎದ್ದು ಹೋಗಿ ತಟ್ಟೆಯಿಂದ ಮುಳ್ಳು ಎತ್ತಿಬಿಟ್ಟರು.

"ಇಲ್ಲ. ಏನೋ ಹೋಯಿತು. ಆ ತುಂಬು ದನಿ ಇಲ್ಲ."

"ಸೇಠ್‌ಜಿ, ಅವೇ ನಾಲ್ಕು ವಾಲ್ವು. ನಿಮ್ಮ ಕಣ್ಣೆದುರೇ ಅಳೆದೆ. ಹೋಗಿದ್ದು ಮೇಲಿನ ಅಕ್ಷರ ಮಾತ್ರ."

"ಮೀಟರಿಗೆ ಕಿವಿ ಇಲ್ಲ."

ನನ್ನ ದನಿ ಏರಿತು. ಎರಡು ತಿಂಗಳ ಓಡಾಟ, ಮೂರು ಸುಟ್ಟ ವಾಲ್ವು, ಗುಜರಿ ಬಜಾರಿನ ಧೂಳು, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ವೋಲ್ಟೇಜ್ ಬಗ್ಗೆ ಮತ್ತೊಮ್ಮೆ ಮೊದಲಿನಿಂದ ಹೇಳತೊಡಗಿದೆ. ನಾನು ನಿಲ್ಲಿಸಿದ ಮೇಲೆ ಅವರು ಶಾಂತವಾಗಿ, "ಭಾನುವಾರದೊಳಗೆ ನಾನು ಬೇರೆ ವ್ಯವಸ್ಥೆ ನೋಡ್ತೀನಿ. ನೀವು ಬರೋ ತೊಂದರೆ ತಗೋಬೇಡಿ" ಎಂದರು. ಯಂತ್ರದ ಅಡಿಯ ತಗಡನ್ನು ಮುಚ್ಚುವ ಮೊದಲು, ತಂತಿ ಇನ್ನೂರ ನಲವತ್ತಕ್ಕೆ ಸರಿಸಿದೆ, ವಾಲ್ವು ಈಗಿನ ತಯಾರಿಕೆ ಎಂದು ಒಂದು ಚೀಟಿ ಬರೆದು, ಸಹಿ ಹಾಕಿ ಒಳಗೆ ಅಂಟಿಸಿದೆ. ಮಾಲೀಕರು ಅದನ್ನೂ ನೋಡಿದರು. ಅಮ್ಮನಿಗೆ ಕೈ ಮುಗಿದು ಲಿಫ್ಟಿನವರೆಗೆ ಬಂದು ಬೀಳ್ಕೊಟ್ಟರು.

ಹಜೀರಾಕ್ಕೆ ಟ್ಯಾಕ್ಸಿ ಮಾಡಿದೆ. ಮೂರು ಊರಿನ ಗಿರಾಕಿಗಳು ಕೈಬಿಟ್ಟುಹೋದದ್ದನ್ನು ನೆನೆಯುತ್ತ, ಮಾಲೀಕರಿಗೆ ಏನು ಹೇಳಿದ್ದರೆ ಅರ್ಥವಾಗುತ್ತಿತ್ತೆಂದು ಲೆಕ್ಕ ಹಾಕುತ್ತ ಹೊರಗೆ ನೋಡುತ್ತಿದ್ದೆ. ಕಾರ್ಖಾನೆಗಳ ಚಿಮಣಿಗಳು ಕಾಣತೊಡಗಿದ ಮೇಲೆ, ಅಮ್ಮ ತಡೆಯಲಾರದವರಂತೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನನಗಿಂತ ಹೆಚ್ಚು ಸಿಟ್ಟಿತ್ತು.

"ಅಲ್ಲಪ್ಪ," ಎಂದರು, "ಆ ಹಾಡನ್ನ ಪೂರ್ತಿ ಕೇಳೋಕಾದ್ರೂ ಬಿಡಬಾರದಿತ್ತಾ ಅವರು?"